ಮಗಳು ಕಾಲೇಜಿನ ಮಾರ್ಚಿಂಗ್ ಬ್ಯಾಂಡ್ ಸೇರ್ತಾಳಂತೆ: ಹೂಂ ಅನ್ನೋದಾ, ಬೇಡ ಅನ್ನೋದಾ?

ತುಮಕೂರು_ಟು_ಟೊಲೆಡೊ | ಜುಲೈ 12, ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಬರೀತಿರೋದು ಇದೇ ಮೊದಲು. ಮಗಳಿಗೆ ಈ ಆಗಸ್ಟಿಂದ ಕಾಲೇಜು, ಮೆಕ್ಯಾನಿಕಲ್ ಎಂಜಿನಿಯರಿಂಗ್. ಕಾಲೇಜಿನ ಹೆಸರು ಬೇಡ, ಅವಳು ಇದನ್ನ ಓದಿಬಿಟ್ಟರೆ ನನಗೆ ಮನೇಲಿ ಉಳಿಗಾಲ ಇಲ್ಲ. ಹೈಸ್ಕೂಲಲ್ಲಿ ನಾಲ್ಕು ವರ್ಷ ಫ್ರೆಂಚ್ ಹಾರ್ನ್ (ಊದೋ ಹಿತ್ತಾಳೆ ವಾದ್ಯ) ನುಡಿಸಿದಳು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ವಿ. ಈಗ ಕಾಲೇಜಿನ ಮಾರ್ಚಿಂಗ್ ಬ್ಯಾಂಡಿಗೆ (ಅಮೆರಿಕನ್ ಫುಟ್‌ಬಾಲ್ ಮ್ಯಾಚ್‌ನಲ್ಲಿ ಮೈದಾನದ ಮೇಲೆ ನಡೀತಾ ನುಡಿಸ್ತಾರಲ್ಲ, ಅದು) ಆಡಿಷನ್ ಕೊಡ್ತೀನಿ ಅಂತ ಹಟ.

ಲೆಕ್ಕ ಹೇಳ್ತೀನಿ ಕೇಳಿ. ತರಗತಿ ಶುರುವಾಗೋಕೆ ಮುಂಚೆನೇ ಹೋಗಿ ಬ್ಯಾಂಡ್ ಕ್ಯಾಂಪ್, ಬೆಳಗಿಂದ ರಾತ್ರಿವರೆಗೆ. ಆಮೇಲೆ ವಾರಕ್ಕೆ ಐದು ಸಂಜೆ ಎರಡೆರಡು ಗಂಟೆ ಅಭ್ಯಾಸ. ಶನಿವಾರ ಫುಟ್‌ಬಾಲ್ ಮ್ಯಾಚ್ ಇದ್ದರೆ ಇಡೀ ದಿನ ಹೋಯ್ತು. ಇಷ್ಟಕ್ಕೆಲ್ಲ ಸಿಗೋದು ಒಂದೇ ಒಂದು ಕ್ರೆಡಿಟ್! ನಮ್ಮ ಮನೆಯವಳು "ಎಂಟು ವರ್ಷ ವೀಣೆ ಕಲಿಸಿದ್ದು ನೀರಲ್ಲಿ ಹೋಮ ಆಯ್ತು, ಈಗ ತಲೆ ಮೇಲೆ ಗರಿ ಸಿಗಿಸ್ಕೊಂಡು ಮದುವೆ ಬ್ಯಾಂಡ್ ಸೆಟ್‌ನವರ ಥರ ಓಡಾಡ್ತಾಳಂತೆ" ಅಂತ ಗೊಣಗ್ತಿದ್ದಾಳೆ.

ಇಪ್ಪತ್ತು ವರ್ಷ ಆಯ್ತು ಇಲ್ಲಿಗೆ ಬಂದು, ನನಗೆ ಈ ಫುಟ್‌ಬಾಲೇ ಇನ್ನೂ ಅರ್ಥ ಆಗಿಲ್ಲ. ಅದರ ಮಧ್ಯ ಬರೋ ಬ್ಯಾಂಡ್ ಎಲ್ಲಿ ಅರ್ಥ ಆಗಬೇಕು? ಮಕ್ಕಳನ್ನ ಕಳಿಸಿದವರು, ತಾವೇ ಇದ್ದು ಬಂದವರು ಯಾರಾದ್ರೂ ಇದ್ದರೆ ಹೇಳಿ. ಇದು ಸಂಗೀತನಾ, ಕವಾಯತಾ?

ಬಿಸಿಬೇಳೆ_ಬಾಸ್ | ಜುಲೈ 12, ಬೆಳಿಗ್ಗೆ 8:52

ಎರಡೂ. ಜೊತೆಗೆ ಬಿಸಿಲು.

ಮೆಲೊಫೋನ್_ಮಾಣಿ | ಜುಲೈ 12, ಬೆಳಿಗ್ಗೆ 9:30

ಸಾರ್, ನಾನು ಇಂಡಿಯಾನಾ ಕಡೆಯ ಒಂದು ಕಾಲೇಜಿನ ಬ್ಯಾಂಡ್‌ನಲ್ಲಿ ನಾಲ್ಕು ವರ್ಷ ಇದ್ದೆ. ಕಂಪ್ಯೂಟರ್ ಸೈನ್ಸ್ ಮುಗಿಸಿದೆ, ಕೆಲಸ ಇದೆ, ಬದುಕಿದ್ದೀನಿ. ನಮ್ಮ ಸಾಲಿನಲ್ಲಿ ಸಂಗೀತವನ್ನೇ ಓದ್ತಿದ್ದವರು ಇಬ್ಬರೋ ಮೂವರೋ ಅಷ್ಟೇ, ಮಿಕ್ಕವರೆಲ್ಲ ಎಂಜಿನಿಯರಿಂಗ್, ನರ್ಸಿಂಗ್, ವ್ಯವಸಾಯ ಓದೋರು. ದೊಡ್ಡ ಯೂನಿವರ್ಸಿಟಿಗಳಲ್ಲಿ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಕಥೆ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಪರ್ಡ್ಯೂ ಯೂನಿವರ್ಸಿಟಿ ಬ್ಯಾಂಡ್‌ನಲ್ಲಿ ಬ್ಯಾರಿಟೋನ್ ಅನ್ನೋ ಹಿತ್ತಾಳೆ ವಾದ್ಯ ಊದ್ತಿದ್ದವರೇ. ಅವರೂ ಎಂಜಿನಿಯರಿಂಗ್ ಹುಡುಗ. ಮನೇಲಿ ಅಮ್ಮನಿಗೆ ಇದೊಂದು ಹೇಳಿ ಸಾಕು.

ಒಂದು ವಿಷಯ ಈಗಲೇ ತಿಳ್ಕೊಳ್ಳಿ: ನಿಮ್ಮ ಮಗಳು ಮೈದಾನದಲ್ಲಿ ಫ್ರೆಂಚ್ ಹಾರ್ನ್ ನುಡಿಸಲ್ಲ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತೆ. ಅವಳು ಮುಂದೆ ನೋಡಿ ಊದಿದ್ರೆ ನಾದ ಹಿಂದಿನವನ ಮುಖಕ್ಕೆ ಹೋಗುತ್ತೆ, ಗ್ಯಾಲರಿಗಲ್ಲ. ಅದಕ್ಕೇ ಹಾರ್ನ್‌ನವರ ಕೈಗೆ ಮೆಲೊಫೋನ್ ಕೊಡ್ತಾರೆ, ದಪ್ಪ ಟ್ರಂಪೆಟ್ ಥರ, ಬಾಯಿ ಮುಂದಕ್ಕೆ. ಫ್ರೆಂಚ್ ಹಾರ್ನ್‌ನ ಕೀಲಿ ಒತ್ತೋದು ಎಡಗೈಲಿ, ಮೆಲೊಫೋನ್‌ದು ಬಲಗೈಲಿ. ಮೊದಲ ವಾರ ಬೆರಳೆಲ್ಲ ಗೋಜಲು ಗೋಜಲು.

ಕವಾಯತಾ ಅಂದ್ರಲ್ಲ. ಪ್ರತಿಯೊಬ್ಬರಿಗೂ ಒಂದು "ಡಾಟ್" ಇರುತ್ತೆ, ಅಂದ್ರೆ ಮೈದಾನದಲ್ಲಿ ನಿಮ್ಮ ಜಾಗ. ಚೀಟಿಯಲ್ಲಿ ಹೀಗೆ ಬರೆದಿರುತ್ತೆ: 35 ಗಜದ ಗೆರೆಯಿಂದ ಹೊರಗೆ 2 ಹೆಜ್ಜೆ, ಮುಂದಿನ ಹ್ಯಾಶ್‌ನಿಂದ (ಮೈದಾನದ ಮೇಲಿನ ಗುರುತು) ಹಿಂದಕ್ಕೆ 6 ಹೆಜ್ಜೆ. ಇಂಥದ್ದು ಒಂದು ಪ್ರದರ್ಶನದಲ್ಲಿ ಐವತ್ತು ಅರವತ್ತು ಇರಬಹುದು. 5 ಗಜಕ್ಕೆ 8 ಹೆಜ್ಜೆ ಅನ್ನೋದು ಲೆಕ್ಕ, ಒಂದು ಹೆಜ್ಜೆಗೆ 22.5 ಇಂಚು. ಉದ್ದ ಕಾಲಿನವನೂ ಗಿಡ್ಡ ಕಾಲಿನವಳೂ ಅಷ್ಟೇ ಹಾಕಬೇಕು. ನನಗೆ ಇವತ್ತಿಗೂ ಮಾಲ್‌ನಲ್ಲಿ ನಡೆಯುವಾಗ ಟೈಲ್ಸ್ ಎಣಿಸೋ ಚಟ ಹೋಗಿಲ್ಲ.

ಧಾರವಾಡದ_ಅವ್ವ | ಜುಲೈ 12, ಬೆಳಿಗ್ಗೆ 10:05

ಯಾಕ್ ಹೆದರ್ತೀರಿ, ಕಳಸ್ರಿ. ನಮ್ಮ ಹುಡುಗ ಸೌಸಫೋನ್ ಅನ್ನೋ ದೊಡ್ಡ ಕಹಳಿ ಬಾರಸ್ತಾನ, ಈಗ ಮೂರನೇ ವರ್ಷ. ಮೈಗೆ ಹೆಬ್ಬಾವು ಸುತಗೊಂಡು ಹೊಂಟಂಗ ಕಾಣ್ತದ. ಹಿತ್ತಾಳಿದಾದ್ರ 15 ಕಿಲೋ ಆಸುಪಾಸು, ಫೈಬರ್‌ದು ಹಗರ ಇರ್ತದ. ಇವರ ಕಾಲೇಜಿನ್ಯಾಗ ಹಿತ್ತಾಳೀನ ಬೇಕಂತ, ಹೊಳೀತದಲಾ ಅದಕ್ಕ.

ಮೊದಲನೇ ವಾರ ಹೆಗಲಿಗೆ ಬಾವು ಬಂದಿತ್ತು. ಫೋನ್ ಹಚ್ಚಿ "ಅವ್ವಾ, ಸಾಕಾತು" ಅಂದ. "ಬಾ ಮನಿಗೆ" ಅಂದ್ಯಾ. "ಬರಂಗಿಲ್ಲ" ಅಂದ. ಹಂಗಾದ್ರ ಯಾಕ ಫೋನ್ ಹಚ್ಚಿದ್ಯೋ ಅಂತ ಕೇಳಿದ್ರ, "ಸುಮ್ನ ಹೇಳಬೇಕನಿಸ್ತು" ಅಂದ.

ಮೃದಂಗದ_ಮೇಷ್ಟ್ರು | ಜುಲೈ 12, ಬೆಳಿಗ್ಗೆ 11:20

ಯಾರೂ ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಇದು ಸಂಗೀತ ಅಲ್ಲ. ಮೂರು ನಿಮಿಷದ ಸಿನಿಮಾ ಹಾಡನ್ನ ಜೋರಾಗಿ ಊದೋದು, ಮೈದಾನದಲ್ಲಿ ಅಕ್ಷರ ಬರೆಯೋದು. ಮನೋಧರ್ಮಕ್ಕೆ ಜಾಗ ಎಲ್ಲಿ? ಮುನ್ನೂರು ಜನ ಒಟ್ಟಿಗೆ ಊದಿದರೆ ಶ್ರುತಿ ಎಲ್ಲಿ ಸೇರುತ್ತೆ? ವೀಣೆ ಬಿಡಿಸಿ ಇದಕ್ಕೆ ಹಾಕಿದ್ದು ತಪ್ಪು ಅಂತ ನಿಮ್ಮ ಮನೆಯವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಆನ್_ಆರ್ಬರ್_ಆನಂದ | ಜುಲೈ 12, ಬೆಳಿಗ್ಗೆ 11:41

ಮೇಷ್ಟ್ರೇ, ಒಂದೂವರೆ ನಿಮಿಷದ ಕಾಲೇಜು ಪಡೆಗೀತೆಯೊಂದಕ್ಕೆ ಲಕ್ಷ ಜನ ಒಟ್ಟಿಗೆ ಮುಷ್ಟಿ ಎತ್ತೋದು ನೋಡಿದ್ದೀರಾ? ನಮ್ಮ ಮಿಶಿಗನ್‌ನ "ದಿ ವಿಕ್ಟರ್ಸ್" 1898ರದು. ಶಿಕಾಗೊವನ್ನ 12-11ರಲ್ಲಿ ಸೋಲಿಸಿದ ಖುಷಿಗೆ ಲೂಯಿ ಎಲ್ಬೆಲ್ ಅನ್ನೋ ವಿದ್ಯಾರ್ಥಿ ಕಟ್ಟಿದ್ದು. ಒಂದು ಪಾಯಿಂಟ್ ಅಂತರಕ್ಕೆ ಶತಮಾನ ದಾಟಿದ ಹಾಡು! ಟೊಲೆಡೊದವರೇ, ಮಗಳನ್ನ ಕಣ್ಮುಚ್ಚಿ ಕಳಿಸಿ. ನಮ್ಮ ಬದ್ಧವೈರಿ ಓಹಾಯೋ ಸ್ಟೇಟ್‌ಗೆ ಮಾತ್ರ ಕಳಿಸಬೇಡಿ.

ಕೊಲಂಬಸ್_ಕೊಟ್ರೇಶಿ | ಜುಲೈ 12, ಬೆಳಿಗ್ಗೆ 11:44

ಬಂತು ನೋಡಿ ಉತ್ತರದ ಕಡೆಯ ಗಾಳಿ. 😀

ಅಲ್ಲಾ ಸ್ವಾಮಿ, ಹಾಡು ನಿಮ್ಮದಿರಬಹುದು, ಮೈದಾನದಲ್ಲಿ ಬರೆಯೋದು ಯಾರಿಗೆ ಬರುತ್ತೆ ಅಂತ ಜಗತ್ತಿಗೇ ಗೊತ್ತು. ಸ್ಕ್ರಿಪ್ಟ್ ಓಹಾಯೋ, 1936ರಿಂದ. ಇಡೀ ಬ್ಯಾಂಡ್ ಒಂದು ಮುದ್ದೆಯಾಗಿ ನಿಂತಿದ್ದು, ಡ್ರಮ್ ಮೇಜರ್ (ಬ್ಯಾಂಡಿನ ಮುಂದಾಳು) ಹಿಂದೆ ಒಬ್ಬರ ಬೆನ್ನಿಗೆ ಒಬ್ಬರು ಹೊರಟು, ಕೂಡಿಸಿ ಬರೆದ ಅಕ್ಷರದಲ್ಲಿ ರಾಜ್ಯದ ಹೆಸರು ಬರೀತಾರೆ. ಹಿನ್ನೆಲೆಯಲ್ಲಿ ಒಂದು ಹಳೇ ಫ್ರೆಂಚ್ ಪಡೆನಡಿಗೆಯ ರಾಗ. ಕೊನೇಲಿ "ಐ" ಮೇಲೆ ಚುಕ್ಕೆ ಇಡೋಕೆ ಒಬ್ಬ ಸೌಸಫೋನ್ ವಾದಕ ಎದೆ ಸೆಟೆಸಿ ಹೆಜ್ಜೆ ಕುಣಿಸ್ಕೊಂಡು ಬಂದು, ಟೋಪಿ ತೆಗೆದು ಎರಡೂ ಕಡೆ ಬಗ್ಗಿ ನಮಸ್ಕಾರ ಮಾಡ್ತಾನೆ. ಸ್ಟೇಡಿಯಂ ಕಿತ್ತು ಬರುತ್ತೆ. ಆ ಚುಕ್ಕೆ ಆಗೋ ಭಾಗ್ಯ ಸಿಗೋದು ನಾಲ್ಕನೇ, ಐದನೇ ವರ್ಷದ ಸೌಸಫೋನ್‌ನವರಿಗೆ ಮಾತ್ರ. ಹೊರಗಿನವರಿಗೆ ಆ ಗೌರವ ಸಿಕ್ಕಿದ್ದು ಬೆರಳೆಣಿಕೆ: ಹಾಸ್ಯನಟ ಬಾಬ್ ಹೋಪ್, ಗಾಲ್ಫ್‌ನ ಜ್ಯಾಕ್ ನಿಕ್ಲಾಸ್, ಗಗನಯಾತ್ರಿ ಜಾನ್ ಗ್ಲೆನ್.

ಆನ್_ಆರ್ಬರ್_ಆನಂದ | ಜುಲೈ 12, ಬೆಳಿಗ್ಗೆ 11:58

1932ರಲ್ಲಿ ನಿಮ್ಮ ಕೊಲಂಬಸ್ ಮೈದಾನದಲ್ಲೇ "ಓಹಾಯೋ" ಅಂತ ಕೂಡಕ್ಷರದಲ್ಲಿ ನಿಂತು ತೋರಿಸಿದ್ದು ಯಾರ ಬ್ಯಾಂಡು? ನೆನಪಿದೆಯಾ, ನೆನಪು ಮಾಡ್ಲಾ?

ಕೊಲಂಬಸ್_ಕೊಟ್ರೇಶಿ | ಜುಲೈ 12, ಮಧ್ಯಾಹ್ನ 12:03

ನಿಂತು ತೋರಿಸೋದು ಬೇರೆ, ನಡೆದು ಬರೆಯೋದು ಬೇರೆ. ರಂಗೋಲಿ ಅಚ್ಚು ಒತ್ತೋದಕ್ಕೂ ಎಳೆ ಎಳೆಯೋದಕ್ಕೂ ವ್ಯತ್ಯಾಸ ಇಲ್ವಾ?

ಧಾರವಾಡದ_ಅವ್ವ | ಜುಲೈ 12, ಮಧ್ಯಾಹ್ನ 12:10

ಈ ರಂಗೋಲಿ ಮಾತು ಭಾಳ ಛಲೋ ಬಂತ ನೋಡ್ರಿ.

ಲ್ಯಾನ್ಸಿಂಗ್_ಲಕ್ಕಿ | ಜುಲೈ 12, ಮಧ್ಯಾಹ್ನ 12:22

ಒಂದು ಉಪಕಥೆ. ಈ ಎರಡು ರಾಜ್ಯಗಳ ಜಗಳ ಬ್ಯಾಂಡಿಗಿಂತ ಹಳೇದು. 1835ರಲ್ಲಿ ಗಡಿಗೋಸ್ಕರ ಎರಡೂ ಕಡೆ ದಂಡು ಕಟ್ಟಿದ್ದರು, ಯಾವ ಊರಿಗೆ ಅಂತೀರಾ? ಟೊಲೆಡೊಗೆ! ಪ್ರಶ್ನೆ ಕೇಳಿದವರೇ ನಿಂತಿರೋ ಜಾಗ ಅದು.

ತುಮಕೂರು_ಟು_ಟೊಲೆಡೊ | ಜುಲೈ 12, ಮಧ್ಯಾಹ್ನ 12:30

ಅಯ್ಯೋ, ನಾನು ಮನೆ ಕಂತು ಕಟ್ತಿರೋದು ರಣರಂಗದಲ್ಲಾ? ದಯವಿಟ್ಟು ಬ್ಯಾಂಡಿಗೆ ಬನ್ನಿ.

ಡೆಸಿಬೆಲ್_ದಾಸ | ಜುಲೈ 12, ಮಧ್ಯಾಹ್ನ 1:15

ಮೃದಂಗದ ಮೇಷ್ಟ್ರಿಗೆ ನಂದೊಂದು ಉತ್ತರ. ನಾನು ಧ್ವನಿವಿಜ್ಞಾನದ ಕೆಲಸದವನು. ಸಂಗೀತನಾ ಅಲ್ವಾ ಅನ್ನೋ ವಾದ ಪಕ್ಕಕ್ಕಿರಲಿ, ಲಯದ ಲೆಕ್ಕ ನೋಡಿ.

ಮೈದಾನದ ಉದ್ದ 100 ಗಜ, ಅಂದ್ರೆ 91 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ತುದಿಯ ಡೋಲಿನ ಪೆಟ್ಟು ಆ ತುದಿಯವನ ಕಿವಿಗೆ ಬೀಳೋಕೆ ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ನಿಮಿಷಕ್ಕೆ 144ರ ಗತಿ ಅಂದ್ರೆ ಒಂದು ಎಣಿಕೆಗೆ 0.42 ಸೆಕೆಂಡು. ಅಂದ್ರೆ ಆ ತುದಿಯವನು ಕಿವಿ ನಂಬಿ ಊದಿದ್ರೆ ಅರ್ಧ ಎಣಿಕೆಗಿಂತ ಹೆಚ್ಚು ಹಿಂದೆ ಬೀಳ್ತಾನೆ. ಅವನು ಊದಿದ್ದು ಈ ತುದಿಗೆ ವಾಪಸ್ ಬರೋ ಹೊತ್ತಿಗೆ ಒಂದು ಎಣಿಕೆಯೇ ದಾಟಿಹೋಗಿರುತ್ತೆ. ತಾಳ ಎಲ್ಲೋ, ಹಾಡು ಎಲ್ಲೋ.

ಅದಕ್ಕೇ ಅವರಿಗೆ ಮೊದಲನೇ ದಿನವೇ ಹೇಳಿಕೊಡೋದು: ದೂರದ್ದನ್ನ ಕೇಳಬೇಡ, ಡ್ರಮ್ ಮೇಜರ್ ಕೈ ನೋಡು. ಬೆಳಕಿಗೆ ತಡ ಅನ್ನೋದಿಲ್ಲ. ಡೋಲಿನವರನ್ನ ಸಾಮಾನ್ಯವಾಗಿ ಹಿಂದೆ ಇಡ್ತಾರೆ. ಅವರು ಕೈ ನೋಡಿ ಬಾರಿಸಿದ ಪೆಟ್ಟು ಮುಂದಕ್ಕೆ ಸಾಗ್ತಾ ಊದುವವರ ಬೆನ್ನಿಗೆ ತಾಗುತ್ತೆ, ಅವರು ಅದರ ಮೇಲೆ ಊದ್ತಾರೆ, ಎರಡೂ ಒಟ್ಟಿಗೆ ಗ್ಯಾಲರಿ ಮುಟ್ಟುತ್ತೆ. ನಿಂತಲ್ಲಿ ನಿಂತಿದ್ರೆ ಇದೆಲ್ಲ ಸುಲಭ. ಇವರು ನಡೀತಾನೇ ಇರ್ತಾರೆ, ಜಾಗ ಬದಲಾದಂಗೆ ಯಾರನ್ನ ಕೇಳಬೇಕು, ಯಾರಿಗೆ ಕಿವುಡಾಗಬೇಕು ಅನ್ನೋದೂ ಬದಲಾಗುತ್ತೆ. ಇದು ಲಯಜ್ಞಾನ ಅಲ್ಲದಿದ್ರೆ ಇನ್ನೇನು ಮೇಷ್ಟ್ರೇ?

ಮೃದಂಗದ_ಮೇಷ್ಟ್ರು | ಜುಲೈ 12, ಮಧ್ಯಾಹ್ನ 2:02

ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಒಂದು ಸಲ ರಥೋತ್ಸವದಲ್ಲಿ ನುಡಿಸೋವಾಗ ನಾಗಸ್ವರದವರು ತೇರಿನ ಆಚೆ ಬದಿಗೆ ಹೋಗಿಬಿಟ್ಟು, ತಾಳ ಹಿಡಿಯೋಕೆ ಆಗದೆ ಒದ್ದಾಡಿದ್ದೆವು. ತವಿಲಿನವರ ತಪ್ಪು ಅಂತ ಹತ್ತು ವರ್ಷದಿಂದ ಬೈಕೊಂಡು ಬಂದಿದ್ದೀನಿ. ಬಹುಶಃ ಅವರದು ತಪ್ಪಿರಲಿಲ್ಲ.

ಆದರೂ ಶ್ರುತಿಯ ವಿಷಯದಲ್ಲಿ ನನ್ನ ಮಾತು ನಿಂತಿದೆ.

ಮೆಲೊಫೋನ್_ಮಾಣಿ | ಜುಲೈ 12, ಮಧ್ಯಾಹ್ನ 2:10

ಶ್ರುತಿ ವಿಷಯ ಸತ್ಯ ಮೇಷ್ಟ್ರೇ. ನವೆಂಬರ್ ಚಳಿಗೆ ಹಿತ್ತಾಳೆ ತಣ್ಣಗಾಗಿ ಶ್ರುತಿ ಕೆಳಗಿಳಿಯುತ್ತೆ, ತುಟಿ ಮರಗಟ್ಟಿರುತ್ತೆ, ಕೀಲಿಯ ಎಣ್ಣೆ ಗಟ್ಟಿಯಾಗಿ ಕೀಲಿ ಮೇಲೇಳಲ್ಲ. ಒಳಗೆ ಹೋದ ಉಸಿರಿನ ತೇವ ಹೆಪ್ಪುಗಟ್ಟೋದನ್ನೂ ನೋಡಿದ್ದೀನಿ. ಆವತ್ತು ನಾವು ಏನು ಊದಿದೆವು ಅಂತ ದೇವರಿಗೇ ಗೊತ್ತು.

ಅಟ್ಲಾಂಟಾ_ಅಕ್ಕ | ಜುಲೈ 12, ಸಂಜೆ 4:25

ನೀವೆಲ್ಲ ಉತ್ತರದ ದೊಡ್ಡ ಯೂನಿವರ್ಸಿಟಿಗಳ ಬಗ್ಗೆ ಮಾತ್ರ ಮಾತಾಡ್ತಿದ್ದೀರಿ. ದಕ್ಷಿಣದ ಕಪ್ಪು ಸಮುದಾಯದ ಕಾಲೇಜುಗಳ ಬ್ಯಾಂಡ್ ನೋಡದೆ ಈ ಚರ್ಚೆ ಮಾಡೋದು ಉಪ್ಪಿಲ್ಲದ ಸಾರು ಬಡಿಸಿದಂಗೆ.

ಫ್ಲಾರಿಡಾ ಎ ಆ್ಯಂಡ್ ಎಂ, ಗ್ರ್ಯಾಂಬ್ಲಿಂಗ್, ಸದರ್ನ್, ಜ್ಯಾಕ್ಸನ್ ಸ್ಟೇಟ್. ಅಲ್ಲಿ ಮೊಣಕಾಲು ಸೊಂಟದವರೆಗೆ ಏಳಬೇಕು, ಇಡೀ ಮೈ ಆ ಕಡೆ ಈ ಕಡೆ ತೂಗಬೇಕು, ಆಮೇಲೆ ಕುಣಿತ. ಹಾಡು ಹೋದ ತಿಂಗಳು ರೇಡಿಯೋದಲ್ಲಿ ಬಂದಿದ್ದೂ ಇರುತ್ತೆ, ಚರ್ಚ್‌ನ ಗಾಸ್ಪೆಲ್ಲೂ ಇರುತ್ತೆ. ಫ್ಲಾರಿಡಾ ಎ ಆ್ಯಂಡ್ ಎಂನ "ಮಾರ್ಚಿಂಗ್ 100" ಕಟ್ಟಿದವರು ವಿಲಿಯಂ ಫಾಸ್ಟರ್, 1946ರಲ್ಲಿ. ಈ ಕಾಲೇಜುಗಳ ಶೈಲಿಗೆ ಒಂದು ರೂಪ ಕೊಟ್ಟವರು ಅವರೇ. 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷಕ್ಕೆ ಪ್ಯಾರಿಸ್‌ನ ಮೆರವಣಿಗೆಗೆ ಆ ಬ್ಯಾಂಡನ್ನ ಕರೆಸಿಕೊಂಡಿದ್ದರು. 1967ರ ಮೊಟ್ಟಮೊದಲ ಸೂಪರ್ ಬೌಲ್‌ನ (ವೃತ್ತಿಪರ ಫುಟ್‌ಬಾಲ್‌ನ ಫೈನಲ್) ಮಧ್ಯಂತರದಲ್ಲಿ ನುಡಿಸಿದವರಲ್ಲಿ ಗ್ರ್ಯಾಂಬ್ಲಿಂಗ್‌ನವರೂ ಇದ್ದರು. ಈಗಿನ ಹಾಗೆ ಪಾಪ್ ತಾರೆಯರ ಗದ್ದಲ ಆಗ ಎಲ್ಲಿತ್ತು? ಇನ್ನು ಟೆನೆಸಿ ಸ್ಟೇಟ್‌ನ ಬ್ಯಾಂಡ್ 2023ರಲ್ಲಿ ಗಾಸ್ಪೆಲ್ ಆಲ್ಬಮ್‌ಗೆ ಗ್ರ್ಯಾಮಿ ತಗೊಂಡಿತು. ಮೇಷ್ಟ್ರೇ, ಸಂಗೀತ ಅಲ್ಲದ್ದಕ್ಕೆ ಗ್ರ್ಯಾಮಿ ಕೊಡ್ತಾರಾ?

ಇಲ್ಲಿ ಮಧ್ಯಂತರ ಬಂದ್ರೆ ಜನ ತಿಂಡಿ ತರೋಕೆ ಏಳಲ್ಲ, ಆಟ ನಡೆಯುವಾಗ ಏಳ್ತಾರೆ. ಆಟ ಮುಗಿದ ಮೇಲೆ "ಐದನೇ ಕ್ವಾರ್ಟರ್" ಅಂತ ಎರಡೂ ಬ್ಯಾಂಡ್‌ಗಳು ಗ್ಯಾಲರಿಯಲ್ಲೇ ಎದುರುಬದುರು ನಿಂತು ನಂದಾ ನಿಂದಾ ಅಂತ ಒಂದಾದಮೇಲೊಂದು ಊದ್ತವೆ. ನಮ್ಮ ಅತ್ತೆ ಮೊದಲ ಸಲ ನೋಡಿ "ಇದು ಸವಾಲ್ ಜವಾಬ್ ಅಲ್ವೇನೇ?" ಅಂದರು. ಹೌದು, ಅದೇ.

ಮೃದಂಗದ_ಮೇಷ್ಟ್ರು | ಜುಲೈ 12, ಸಂಜೆ 4:50

ಗ್ರ್ಯಾಮಿ ಅಳತೆಗೋಲು ಅಲ್ಲ ತಾಯಿ. ಸವಾಲ್ ಜವಾಬ್ ಅಂದ್ರಲ್ಲ, ಅದರ ವಿಡಿಯೋ ಹುಡುಕ್ತೀನಿ.

ರೆಕ್ಕೆಪುಕ್ಕ | ಜುಲೈ 12, ಸಂಜೆ 6:30

ಹೊಗಳಿಕೆ ಆಯ್ತು, ಕಹಿ ವಿಷಯವನ್ನೂ ಯಾರಾದ್ರೂ ಹೇಳಬೇಕು. ಅದೇ ಮಾರ್ಚಿಂಗ್ 100ರ ಡ್ರಮ್ ಮೇಜರ್ ಒಬ್ಬ 2011ರ ನವೆಂಬರ್‌ನಲ್ಲಿ ಸಹವಾದಕರ ರ್‍ಯಾಗಿಂಗ್‌ಗೆ ಸಿಕ್ಕಿ, ಒರ್ಲಾಂಡೊದಲ್ಲಿ ಬ್ಯಾಂಡಿನ ಬಸ್ಸಿನಲ್ಲಿ ಪೆಟ್ಟು ತಿಂದು ಸತ್ತ. ಬ್ಯಾಂಡನ್ನೇ ಅಮಾನತು ಮಾಡಿದರು, ಮತ್ತೆ ಮೈದಾನಕ್ಕೆ ಬಂದಿದ್ದು 2013ರಲ್ಲಿ. ಇದು ಒಂದು ಕಾಲೇಜಿನ, ಒಂದು ಸಮುದಾಯದ ರೋಗ ಅಲ್ಲ. "ಪರಂಪರೆ" ಅನ್ನೋ ಪದ ಎಲ್ಲೆಲ್ಲಿ ಜಾಸ್ತಿ ಕೇಳಿಸುತ್ತೋ ಅಲ್ಲೆಲ್ಲ ಕಿವಿ ನಿಮಿರಬೇಕು.

ನನ್ನ ತಮ್ಮನನ್ನ ಅವನ ಬ್ಯಾಂಡ್‌ನ ಹಿರಿಯರು ರಾತ್ರಿ ಎರಡಕ್ಕೆ ಎಬ್ಬಿಸಿ, ಪಾರ್ಕಿಂಗ್ ಲಾಟ್‌ನಲ್ಲಿ ಪಡೆಗೀತೆ ತಪ್ಪಿದಷ್ಟು ಸಲ ಹಾಡಿಸಿದ್ದರು. ಅವನಿಗೆ ಅದು ತಮಾಷೆ. ನಮ್ಮಮ್ಮನಿಗೆ ತಮಾಷೆ ಆಗಿರಲಿಲ್ಲ. ಸೇರಿಸೋಕೆ ಮುಂಚೆ ಕಾಲೇಜಿನವರ ಹತ್ರ ರ್‍ಯಾಗಿಂಗ್ ನಿಯಮ ಏನು, ದೂರು ಯಾರಿಗೆ ಕೊಡಬೇಕು ಅಂತ ಕೇಳಿ ಬರೆದಿಟ್ಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ ಇಂಥ ಪ್ರಕರಣಗಳನ್ನ ಕಾಲೇಜುಗಳು ಬಹಿರಂಗ ಮಾಡಲೇಬೇಕು.

ತುಮಕೂರು_ಟು_ಟೊಲೆಡೊ | ಜುಲೈ 12, ಸಂಜೆ 6:48

ಇದು ಹೇಳಿದ್ದು ಒಳ್ಳೇದಾಯ್ತು. ನಾಳೆನೇ ಮೇಲ್ ಹಾಕ್ತೀನಿ. ಮನೆಯವಳಿಗೆ ಈ ಕಾಮೆಂಟ್ ತೋರಿಸಲ್ಲ.

ಧಾರವಾಡದ_ಅವ್ವ | ಜುಲೈ 12, ಸಂಜೆ 7:15

ತೋರಸ್ರಿ. ಮುಚ್ಚಿಟ್ರ ಆಮ್ಯಾಲೆ ನಿಮಗ ತ್ರಾಸ. ನಮ್ಮ ಹುಡುಗಗ ನಾ ಒಂದ ಮಾತ ಹೇಳೇನಿ: ಹಾಡಂದ್ರ ಹಾಡು, ಬಾರಸಂದ್ರ ಬಾರಸು, ಕೈ ಎತ್ತಿದ್ರ ಮಾತ್ರ ಅಲ್ಲಿಂದ ಎದ್ದ ಬಾ.

ಸನ್ನಿವೇಲ್_ಸೀನ | ಜುಲೈ 12, ರಾತ್ರಿ 8:20

ವಾತಾವರಣ ತಿಳಿ ಮಾಡೋಕೆ ನಮ್ಮ ಸ್ಟ್ಯಾನ್‌ಫರ್ಡ್ ಕಥೆ. ಇಲ್ಲಿ ಸಾಲು ಇಲ್ಲ, ಹೆಜ್ಜೆ ಇಲ್ಲ. ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ಸೀಟಿ ಊದಿದ ತಕ್ಷಣ ಎಲ್ಲರೂ ಮನಸೋ ಇಚ್ಛೆ ಓಡ್ತಾರೆ. ಅವರ ಜೊತೆ ಕುಣಿಯೋದು ಒಂದು ಮರ. ನಿಜವಾಗ್ಲೂ ಮರದ ವೇಷ.

1982ರ ನವೆಂಬರ್ 20, ಬರ್ಕ್ಲಿ ಮೈದಾನ. ಸ್ಟ್ಯಾನ್‌ಫರ್ಡ್ 20-19ರಲ್ಲಿ ಮುಂದೆ, ಉಳಿದಿರೋದು 4 ಸೆಕೆಂಡು. ಗೆದ್ದೇಬಿಟ್ವಿ ಅಂತ ಬ್ಯಾಂಡ್ ಮೈದಾನಕ್ಕೆ ನುಗ್ಗಿತು. ಆದ್ರೆ ಆಟ ಮುಗಿದೇ ಇರಲಿಲ್ಲ! ಬರ್ಕ್ಲಿಯವರು ಒಬ್ಬರಿಂದ ಒಬ್ಬರಿಗೆ ಐದು ಸಲ ಚೆಂಡು ದಾಟಿಸಿ, ಬ್ಯಾಂಡಿನವರ ಮಧ್ಯೆಯೇ ನುಸುಳಿ ಓಡಿ, ಕೊನೆಗೆ ಗೆರೆ ದಾಟಿದವನು ಗುದ್ದಿದ್ದು ಒಬ್ಬ ಟ್ರಾಂಬೋನ್‌ನವನಿಗೆ. 25-20, ಬರ್ಕ್ಲಿ ಗೆಲುವು. ಇಡೀ ಪಂದ್ಯದಲ್ಲಿ ಜನಕ್ಕೆ ನೆನಪಿರೋದು ಆ ಟ್ರಾಂಬೋನ್ ಒಂದೇ.

ಬಿಸಿಬೇಳೆ_ಬಾಸ್ | ಜುಲೈ 12, ರಾತ್ರಿ 8:24

ಬ್ಯಾಂಡ್‌ನಿಂದ ಕಾಲೇಜಿಗೆ ಏನು ಪ್ರಯೋಜನ ಅಂತ ಕೇಳಿದವರಿಗೆ ಉತ್ತರ ಸಿಕ್ತು. ಎದುರಾಳಿಗೆ ಪ್ರಯೋಜನ.

ಹ್ಯೂಸ್ಟನ್_ಹುಲಿಯ | ಜುಲೈ 12, ರಾತ್ರಿ 9:05

ಅದಕ್ಕೆ ಸರಿಯಾಗಿ ತದ್ವಿರುದ್ಧ ನಮ್ಮ ಟೆಕ್ಸಸ್ ಎ ಆ್ಯಂಡ್ ಎಂ. ಬ್ಯಾಂಡ್‌ನವರೆಲ್ಲ ಕೆಡೆಟ್‌ಗಳು, ಸಮವಸ್ತ್ರ, ಬೂಟು, ಮುಂಜಾನೆ ಎದ್ದು ಪೆರೇಡು. ಪಡೆನಡಿಗೆ ಸಂಗೀತ ಬಿಟ್ಟು ಬೇರೆ ಊದಲ್ಲ. ಆದ್ರೆ ಎರಡು ದಂಡು ಎದುರುಬದುರು ಬಂದು, ಒಬ್ಬರ ಸಂದಿನಲ್ಲಿ ಒಬ್ಬರು ಹಾದು, ಒಬ್ಬನ ಭುಜ ಒಬ್ಬನಿಗೆ ತಾಗದಂಗೆ ಆಚೆ ಹೋಗ್ತಾರಲ್ಲ, ಅದು ನೋಡಿ ಉಸಿರು ಬಿಡಿ.

ಅಂದಹಾಗೆ ದೊಡ್ಡ ಡ್ರಮ್ ಬಗ್ಗೆ ಯಾರೂ ಎತ್ತಲೇ ಇಲ್ವಲ್ಲ? ಟೆಕ್ಸಸ್ ಯೂನಿವರ್ಸಿಟಿಯ ಹಳೇ "ಬಿಗ್ ಬರ್ತಾ", 8 ಅಡಿ, 2022ರಲ್ಲಿ ಅದಕ್ಕೆ ನಿವೃತ್ತಿ ಆಯ್ತು. (ಎ ಆ್ಯಂಡ್ ಎಂನವನಾಗಿ ನಾನು ಇದನ್ನ ಹೇಳಬಾರದು.)

ಮೆಲೊಫೋನ್_ಮಾಣಿ | ಜುಲೈ 12, ರಾತ್ರಿ 9:12

ಪರ್ಡ್ಯೂನವರ ಮುಂದೆ ಆ ಮಾತು ಆಡಬೇಡಿ! ಅವರ ಡ್ರಮ್ 1921ರದು, ಜಗತ್ತಿನಲ್ಲೇ ದೊಡ್ಡದು ಅಂತಾರೆ. ಎಷ್ಟು ಅಡಿ ಅಂದ್ರೆ ಮಾತ್ರ ಗುಟ್ಟು. ಮೈದಾನದಲ್ಲಿ ಸಾಲು ಮುರಿದು ಅಕ್ಷರ ಆಕಾರ ಮಾಡಿದ್ದರಲ್ಲೂ ಮೊದಲಿಗರು ತಾವೇ, 1907ರಲ್ಲಿ "ಪಿ" ಅಂತ. ಪಕ್ಕದ ಇಲಿನಾಯ್‌ನವರು ಅದೇ ವರ್ಷ ಮಧ್ಯಂತರದ ಪ್ರದರ್ಶನ ಶುರು ಮಾಡಿದ್ದು ನಾವು ಅಂತಾರೆ. ಇವರ ಜಗಳ ಬಗೆಹರಿಯೋದಲ್ಲ.

ಡೆಸಿಬೆಲ್_ದಾಸ | ಜುಲೈ 12, ರಾತ್ರಿ 9:40

ಬಿಗ್ ಬರ್ತಾದ ಅಸಲಿ ಕಥೆ ಅಳತೆಯಲ್ಲಿಲ್ಲ. 1922ರಲ್ಲಿ ಅದನ್ನ ಮಾಡಿಸಿದ್ದು ಶಿಕಾಗೊ ಯೂನಿವರ್ಸಿಟಿಗೆ. 1939ರಲ್ಲಿ ಅವರು ಫುಟ್‌ಬಾಲನ್ನೇ ನಿಲ್ಲಿಸಿದರು, ಡ್ರಮ್ಮನ್ನ ಸ್ಟೇಡಿಯಂ ಮೆಟ್ಟಿಲ ಕೆಳಗೆ ಹಾಕಿಟ್ಟರು. 1942ರ ಡಿಸೆಂಬರ್‌ನಲ್ಲಿ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆದಿದ್ದು ಅದೇ ಸ್ಟೇಡಿಯಂ ಕೆಳಗೆ! ಡ್ರಮ್ಮಿಗೆ ವಿಕಿರಣದ ಸೋಂಕು ತಗುಲಿ, ಶುದ್ಧಿ ಮಾಡಿಸಬೇಕಾಯ್ತು. 1955ರಲ್ಲಿ ಟೆಕ್ಸಸ್‌ನ ಒಬ್ಬ ಧನಿಕ ಅದನ್ನ ಕೊಂಡಿದ್ದು ಒಂದು ಡಾಲರ್‌ಗೆ.

ಧಾರವಾಡದ_ಅವ್ವ | ಜುಲೈ 12, ರಾತ್ರಿ 9:46

ಒಂದು ಡಾಲರ್‌ಗೆ ಅಣುಬಾಂಬಿನ ಡೊಳ್ಳು. ನಾ ಇವತ್ತ ನಿದ್ದಿ ಮಾಡಂಗಿಲ್ಲ.

ಕುಡ್ಲದ_ಕೊಳಲು | ಜುಲೈ 13, ಬೆಳಿಗ್ಗೆ 7:10

ಓಹಾಯೋ ಸ್ಟೇಟ್‌ನಲ್ಲಿ ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಯಾವುದೂ ಇಲ್ಲ ಮಾರಾಯ್ರೆ, 1934ರಿಂದ ಬರೀ ಹಿತ್ತಾಳೆ ಮತ್ತು ಡ್ರಮ್ಮು. ಅದೆಂಥ ಬ್ಯಾಂಡ್? ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್‌ಗೆ ಮನಸೋತದ್ದೇ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಅದನ್ನು ಕೇಳಿ. ಆ ಬ್ಯಾಂಡ್‌ನವರೂ "ಬರೀ ಹಿತ್ತಾಳೆ ಸಾಕು" ಅಂದಿದ್ದರೆ ನಮಗೆ ಕದ್ರಿ ಸಿಗ್ತಿರ್ಲಿಲ್ಲ ಅಲ್ವಾ?

ಮೃದಂಗದ_ಮೇಷ್ಟ್ರು | ಜುಲೈ 13, ಬೆಳಿಗ್ಗೆ 7:45

ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ದಸರೆಯಲ್ಲಿ ಪೊಲೀಸ್ ಬ್ಯಾಂಡ್ "ಕಾಯೌ ಶ್ರೀ ಗೌರಿ" ನುಡಿಸಿದಾಗ ನಾನೂ ಎದ್ದು ನಿಲ್ಲುವವನೇ. ಅಲ್ಲಿ ಇಂಗ್ಲಿಷ್ ಬ್ಯಾಂಡೂ ಉಂಟು, ಕರ್ನಾಟಕ ವಾದ್ಯಗಳ ಬ್ಯಾಂಡೂ ಉಂಟು. ನಿನ್ನೆ ರಾತ್ರಿ ಆ ಐದನೇ ಕ್ವಾರ್ಟರ್ ವಿಡಿಯೋ ಎರಡು ಗಂಟೆ ನೋಡಿದೆ. ಡೋಲಿನ ಹುಡುಗರ ಕೈ ಚೆನ್ನಾಗಿದೆ. ಇಷ್ಟು ಮಾತ್ರ ಹೇಳ್ತೀನಿ.

ಬಿಸಿಬೇಳೆ_ಬಾಸ್ | ಜುಲೈ 13, ಬೆಳಿಗ್ಗೆ 7:51

ಎರಡು ಗಂಟೆ!!

ಅಟ್ಲಾಂಟಾ_ಅಕ್ಕ | ಜುಲೈ 13, ಬೆಳಿಗ್ಗೆ 9:00

ಟೊಲೆಡೊದವರೇ, ನಿಮ್ಮ ಮನೆಯವರಿಗೆ ಇನ್ನೊಂದು ಮಾತು. ಐವತ್ತು ಚಿಲ್ಲರೆ ವರ್ಷದ ಹಿಂದೆ ಎಷ್ಟೋ ದೊಡ್ಡ ಬ್ಯಾಂಡ್‌ಗಳಲ್ಲಿ ಈ ಪ್ರಶ್ನೆಯೇ ಏಳ್ತಿರಲಿಲ್ಲ, ಹೆಣ್ಣುಮಕ್ಕಳಿಗೆ ಬಾಗಿಲೇ ಮುಚ್ಚಿತ್ತು. ಮಿಶಿಗನ್‌ನಲ್ಲಿ 1972, ಓಹಾಯೋ ಸ್ಟೇಟ್‌ನಲ್ಲಿ 1973, ಅದೂ ಲಿಂಗತಾರತಮ್ಯದ ವಿರುದ್ಧ ಕಾನೂನು ಬಂದ ಮೇಲೆ. ಹುಲಿಯ ಅವರು ಹೊಗಳಿದ ಎ ಆ್ಯಂಡ್ ಎಂನಲ್ಲಿ 1985. "ಹೆಣ್ಣುಮಕ್ಕಳ ಹೆಜ್ಜೆ ಚಿಕ್ಕದು, ಭಾರ ಹೊರೋಕಾಗಲ್ಲ" ಅನ್ನೋ ಮಾತು ಬೇಕಾದಷ್ಟು ಆಡಿದ್ದಾರೆ. 22.5 ಇಂಚಿಗೆ ಗಂಡು ಹೆಣ್ಣು ಎಲ್ಲಿ?

ತುಮಕೂರು_ಟು_ಟೊಲೆಡೊ | ಆಗಸ್ಟ್ 19, ರಾತ್ರಿ 10:15

ತಡವಾಗಿ ಬರೀತಿದ್ದೀನಿ. ಅವಳು ಆಡಿಷನ್ ಕೊಟ್ಟಳು. ನಾವು ಹೂಂ ಅನ್ನೋದು ಬೇಡ ಅನ್ನೋದು ತೀರ್ಮಾನ ಮಾಡೋಕೆ ಮುಂಚೆನೇ ಜೂನ್‌ನಲ್ಲಿ ಹೆಸರು ಕೊಟ್ಟಿದ್ದಳಂತೆ! ಆಯ್ಕೆ ಆಗಿದ್ದಾಳೆ, ಹೆಚ್ಚುವರಿ ಸದಸ್ಯೆಯಾಗಿ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮಾತ್ರ ಮೈದಾನಕ್ಕೆ ಇಳಿಸ್ತಾರೆ. ಇಲ್ಲದಿದ್ರೆ ನೀರಿನ ಕ್ಯಾನ್ ಹೊರೋದು. ಎಲ್ಲರ ಡಾಟ್ ಕಲೀಬೇಕು, ನಿಲ್ಲೋಕೆ ಸ್ವಂತ ಡಾಟ್ ಇಲ್ಲ. ಫೋನಲ್ಲಿ ಅತ್ತಳು. ಧಾರವಾಡದ ಅವ್ವ ಹೇಳಿದಂಗೆ "ಬಾ ಮನೆಗೆ" ಅಂದೆ. ಬೈಸಿಕೊಂಡೆ.

ಮೆಲೊಫೋನ್_ಮಾಣಿ | ಆಗಸ್ಟ್ 19, ರಾತ್ರಿ 10:40

ನಾನೂ ಮೊದಲ ವರ್ಷ ಅದೇ ಸಾರ್. ಅಕ್ಟೋಬರ್ ಹೊತ್ತಿಗೆ ಅರ್ಧ ಸಾಲಿಗೆ ಶೀತಜ್ವರ ಬರುತ್ತೆ. ಬೇರೆಯವರ ಕಾಯಿಲೆಗೆ ಹರಕೆ ಹೊರಬಾರದು, ಆದ್ರೆ ನಾನು ಹೊತ್ತಿದ್ದೆ.

ತುಮಕೂರು_ಟು_ಟೊಲೆಡೊ | ಸೆಪ್ಟೆಂಬರ್ 21, ಬೆಳಿಗ್ಗೆ 9:05

ಅಕ್ಟೋಬರ್‌ವರೆಗೂ ಕಾಯಬೇಕಾಗಲಿಲ್ಲ. ಒಬ್ಬನಿಗೆ ಪಾದ ಉಳುಕಿತು. ನಿನ್ನೆ ಅವಳನ್ನ ಇಳಿಸಿದ್ರು. ಸುದ್ದಿ ಸಿಕ್ಕಿದ್ದು ಗುರುವಾರ ರಾತ್ರಿ, ಟಿಕೆಟ್ ಸಿಕ್ಕಿದ್ದು ಕಟ್ಟಕಡೆಯ ಸಾಲಲ್ಲಿ.

ಮಳೆ ಅಂದ್ರೆ ಮಳೆ. ಮುನ್ನೂರು ಜನ, ಎಲ್ಲರಿಗೂ ಒಂದೇ ಕೋಟು, ಒಂದೇ ಟೋಪಿ, ಒಂದೇ ಗರಿ. ಮೇಲಿಂದ ನೋಡಿದ್ರೆ ಇರುವೆ ಸಾಲು. ನಾನು ದುರ್ಬೀನು ಹಿಡಿದು ಮೆಲೊಫೋನ್ ಎಲ್ಲಿ, ಮೆಲೊಫೋನ್ ಎಲ್ಲಿ ಅಂತ ಹುಡುಕ್ತಾನೇ ಇದ್ದೆ. ಮನೆಯವಳು ಬರಿಗಣ್ಣಲ್ಲಿ "ಅಗೋ, ಎಡಗಡೆಯಿಂದ ಮೂರನೇ ಸಾಲು" ಅಂದಳು. ಹೇಗೆ ಗೊತ್ತಾಯ್ತೇ ಅಂದೆ. "ಅವಳು ಬಲಗಾಲು ಒಂಚೂರು ಹೊರಗೆ ಹಾಕ್ತಾಳೆ, ನಡಿಗೆ ಕಲಿತಾಗಿಂದ" ಅಂದಳು. ಆಮೇಲೆ ಏಳು ನಿಮಿಷ ಯಾರೂ ಮಾತಾಡಲಿಲ್ಲ.

ಮೆಲೊಫೋನ್_ಮಾಣಿ | ಸೆಪ್ಟೆಂಬರ್ 21, ಬೆಳಿಗ್ಗೆ 9:20

ಆ ಬಲಗಾಲಿನ ವಿಷಯ ಅವಳ ಸೆಕ್ಷನ್ ಲೀಡರ್ ಕಿವಿಗೆ ಬೀಳದಂಗೆ ನೋಡ್ಕೊಳ್ಳಿ ಸಾರ್.

ತುಮಕೂರು_ಟು_ಟೊಲೆಡೊ | ಸೆಪ್ಟೆಂಬರ್ 21, ಬೆಳಿಗ್ಗೆ 9:31

ಆಗಲೇ ಬಿದ್ದಾಗಿದೆ. ಅವಳಿಗೆ ಅಲ್ಲಿ "ಬಾತುಕೋಳಿ" ಅಂತ ಹೆಸರಂತೆ.

ಮೃದಂಗದ_ಮೇಷ್ಟ್ರು | ಸೆಪ್ಟೆಂಬರ್ 21, ಬೆಳಿಗ್ಗೆ 10:02

ಮಳೆಯಲ್ಲಿ ಶ್ರುತಿ ಹೇಗಿತ್ತು?

ತುಮಕೂರು_ಟು_ಟೊಲೆಡೊ | ಸೆಪ್ಟೆಂಬರ್ 21, ಬೆಳಿಗ್ಗೆ 10:06

ನಮಗೆ ಕೇಳಿಸಿದ್ದೆಲ್ಲ ಸರಿಯಾಗೇ ಇತ್ತು ಮೇಷ್ಟ್ರೇ. 😀

ಧಾರವಾಡದ_ಅವ್ವ | ಸೆಪ್ಟೆಂಬರ್ 21, ಬೆಳಿಗ್ಗೆ 10:30

ಬರೋ ತಿಂಗಳ ನಿಮ್ಮ ಹುಡುಗಿ ಕಾಲೇಜಿಗೆ ನಮ್ಮ ಹುಡುಗನ ಬ್ಯಾಂಡ್ ಬರ್ತದೇನೋ ಅನಸ್ತದ, ಯಾವ ಕಾಲೇಜಂತ ನನಗ ಖಾಸಗಿ ಮೆಸೇಜ್ ಹಾಕ್ರಿ. ಗಿರಮಿಟ್ ನಾ ಮಾಡ್ಕೊಂಡ ಬರ್ತೀನಿ, ಪಾರ್ಕಿಂಗ್‌ನ್ಯಾಗ ಕುಂತ ತಿನ್ನೋಣು. ಛತ್ರಿ ನೀವ ತರ್ರಿ.

ತುಮಕೂರು_ಟು_ಟೊಲೆಡೊ | ಸೆಪ್ಟೆಂಬರ್ 21, ಬೆಳಿಗ್ಗೆ 10:34

ಛತ್ರಿ ಒಳಗೆ ಬಿಡಲ್ಲ ಅಕ್ಕಾ, ನಿನ್ನೆ ಗೇಟಲ್ಲೇ ಕಿತ್ಕೊಂಡ್ರು. ರೇನ್‌ಕೋಟ್ ತನ್ನಿ.